ಮೇಲಿನ ಮನೆಯ ಸ್ಯಾಕ್ಸೋಫೋನು

ಹೋದ ವಾರ ಮಗಳು ಶಾಲೆಯ ಯಾವುದೋ ಪ್ರಾಜೆಕ್ಟಿಗೆ ಬಣ್ಣದ ಬಟ್ಟೆಯ ಚೂರು ಬೇಕೆಂದು ಅಡುಗೆಮನೆಯ ಮೇಲಿನ ಕಪಾಟನ್ನೆಲ್ಲ ನೆಲಕ್ಕಿಳಿಸಿ ಕೂತಿದ್ದಳು. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಅಂಗೈಯಗಲದ ಒಂದು ಮರದ ತುಂಡು ಅವಳಿಗೆ ಸಿಕ್ಕಿತು. ಒಂದು ಬದಿ ಕೈಯಾಡಿ ಆಡಿ ನುಣುಪಾದ ಮರ, ಇನ್ನೊಂದು ಬದಿಗೆ ಕಡುಗೆಂಪು ಮಖಮಲ್ಲು.

"ಮಮ್ಮಾ, ವಾಟ್ ಈಸ್ ದಿಸ್? ಶೂ ಬ್ರಶ್?"

ಅವಳ ಕೈಯಿಂದ ಅದನ್ನು ಕಸಿದುಕೊಂಡೆ ಎಂದೇ ಹೇಳಬೇಕು. ಮೂಗಿಗೆ ಹಿಡಿದೆ. ಹಳೆಯ ರಟ್ಟಿನ ವಾಸನೆ, ಅದರ ಹಿಂದೆ ಎಲ್ಲೋ ಫಿಲ್ಟರ್ ಕಾಫಿಯ ವಾಸನೆ... ಇಷ್ಟು ವರ್ಷದ ಮೇಲೂ ಅದು ಉಳಿದಿತ್ತೋ, ನನ್ನ ಮೂಗೇ ನೆನಪು ಮಾಡಿಕೊಂಡಿತೋ ಗೊತ್ತಿಲ್ಲ. "ಶೂಗಲ್ಲ ಮಗಾ, ಇದು ರೆಕಾರ್ಡಿನ ಧೂಳು ಒರೆಸುವುದು. ನಮ್ಮ ಮೇಲಿನ ಮನೆ ಅಂಕಲ್‌ನದ್ದು" ಎಂದೆ. ಅವರು ಊರಿಗೆ ಹೋಗುವಾಗ ಅವಳಿನ್ನೂ ತೊಟ್ಟಿಲಲ್ಲಿದ್ದಳು. ಅವಳಿಗೆ ಅಂಕಲ್ಲೂ ಗೊತ್ತಿಲ್ಲ, ರೆಕಾರ್ಡೂ ಗೊತ್ತಿಲ್ಲ.

ಗಲ್ಫಿನ ಫಿಂಟಾಸ್ ಎಂಬ ಊರಿನ ಈ ಕಟ್ಟಡಕ್ಕೆ ನಾವು ಬಂದಾಗ ನಮ್ಮ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಗಂಡನಿಗೆ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ, ನನಗೆ ಅಹ್ಮದಿಯ ಒಂದು ಆಫೀಸಿನಲ್ಲಿ. ಎರಡು ಕಟ್ಟಡಗಳ ಸಂದಿಯಿಂದ ಒಂದು ಸೀರೆಯ ಅಂಚಿನಷ್ಟು ಸಮುದ್ರ ಕಾಣುತ್ತದೆ ಎಂಬುದೇ ಈ ಮನೆಯ ಹೆಚ್ಚುಗಾರಿಕೆ. ಮನೆ ಸ್ವಲ್ಪ ಹದಕ್ಕೆ ಬಂದ ಮೇಲೆ ಊರಿಂದ ಅತ್ತೆಯನ್ನು ಕರೆಸಿಕೊಂಡೆವು. ಅಡುಗೆಮನೆಯ ಹಿಂದಿದ್ದ, ಕೆಲಸದವರಿಗೆಂದು ಕಟ್ಟಿದ ಪುಟ್ಟ ಕೋಣೆಯನ್ನು ಅತ್ತೆ ಬಂದ ದಿನವೇ ಗುಡಿಸಿ, ಒರೆಸಿ, ದೇವರ ಕೋಣೆ ಮಾಡಿಬಿಟ್ಟರು.

ಅವರು ಬಂದ ಮೊದಲ ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಎ.ಸಿ.ಯ ಗಾಳಿ ಬರುವ ಜಾಲರಿಯ ಮೂಲಕ ಮೇಲಿನ ಮನೆಯಿಂದ ಒಂದು ದನಿ ಇಳಿದು ಬಂತು. ಅತ್ತೆ ತಟ್ಟೆ ಬದಿಗಿಟ್ಟು ತಲೆಯೆತ್ತಿದರು.

"ಮೇಲೆ ಯಾರದ್ದೋ ಮನೆಯಲ್ಲಿ ಪೂಜೆ ಉಂಟು ಮಾರಾಯ್ತಿ. ವಾದ್ಯದವರನ್ನೂ ಕರೆಸಿದ್ದಾರೆ! ಈ ಊರಲ್ಲಿ ಅಷ್ಟು ಗಟ್ಟಿ ಕುಳ ಯಾರು?"

ಬೇರೆ ಸೀಮೆಯವರಿಗೆ ಇದು ತಮಾಷೆಯಾಗಿ ಕಂಡೀತು. ನಮ್ಮ ತುಳುನಾಡಿನಲ್ಲಿ ಸ್ಯಾಕ್ಸೋಫೋನ್ ಎಂದರೆ ದೇವಸ್ಥಾನದ ವಾದ್ಯ. ಎಲ್ಲಿಂದ ಬಂತು, ಯಾರು ತಂದರು ಎಂದು ಯಾರೂ ಕೇಳುವುದಿಲ್ಲ. ರಾತ್ರಿಪೂಜೆಗೆ ಅದು ಬೇಕು, ಮದುವೆಯ ಧಾರೆಗೆ ಬೇಕು, ಉತ್ಸವಮೂರ್ತಿಯನ್ನು ಹೊತ್ತು ಸುತ್ತು ಬರುವ ಬಲಿಯ ಹೊತ್ತಿಗೆ ಬೇಕು. ಅತ್ತೆಯ ಅಪ್ಪನೂ ಅಣ್ಣನೂ ದೇವಸ್ಥಾನದಲ್ಲಿ ಅದನ್ನೇ ನುಡಿಸಿದವರು. ಅವರ ಮನೆಯಲ್ಲಿ ಆ ವಾದ್ಯ ಇರುತ್ತಿದ್ದದ್ದು ದೇವರ ದೀಪದ ಪಕ್ಕದಲ್ಲಿ. ನೆಲಕ್ಕಿಡುವಂತಿಲ್ಲ, ದಾಟುವಂತಿಲ್ಲ, ಆಯುಧಪೂಜೆಗೆ ಅದಕ್ಕೂ ಹೂಮಾಲೆ. ಅಂಥ ಮನೆಯಲ್ಲಿ ಬೆಳೆದವರಿಗೆ ತಲೆಯ ಮೇಲೆ ಸ್ಯಾಕ್ಸೋಫೋನ್ ಕೇಳಿದರೆ ಪೂಜೆ ಎಂದಲ್ಲದೆ ಬೇರೇನು ಹೊಳೆಯಬೇಕು?

ನಾನು ಗ್ಯಾಸು ಆರಿಸುವಷ್ಟರಲ್ಲಿ ಅತ್ತೆ ಸೆರಗು ಸರಿಪಡಿಸಿಕೊಂಡು, ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು ತಟ್ಟೆಯಲ್ಲಿಟ್ಟು ಲಿಫ್ಟಿನ ಎದುರು ನಿಂತಾಗಿತ್ತು. "ಅತ್ತೆ, ಕರೆಯದೆ ಹೋಗುವುದು ಹೇಗೆ?" ಎಂದು ಹಿಂದೆ ಓಡಿದೆ. "ದೇವರ ಕಾರ್ಯಕ್ಕೆ ಎಂತ ಕರೆಯುವುದು?" ಎಂದರು.

ಬಾಗಿಲು ತೆರೆದವರು ನರೆತ ತಲೆಯ, ಎತ್ತರದ ಮನುಷ್ಯ. ಮೊಣಕಾಲಿನವರೆಗಿನ ಚಡ್ಡಿ, ಕೈಯಲ್ಲಿ ಕಾಫಿ ಲೋಟ.

"ಮಂಗಳಾರತಿ ಆಯ್ತಾ?" ಅತ್ತೆ ಕೇಳಿದರು.

ಅವರು ತೆಂಗಿನಕಾಯಿ ನೋಡಿದರು, ಬಾಳೆಹಣ್ಣು ನೋಡಿದರು, ಅತ್ತೆಯ ಬೆನ್ನ ಹಿಂದೆ ಭೂಮಿಗಿಳಿಯಲು ಸಿದ್ಧಳಾಗಿದ್ದ ನನ್ನನ್ನು ನೋಡಿದರು. ಇನ್ನೊಬ್ಬರಾಗಿದ್ದರೆ ನಗುತ್ತಿದ್ದರು. ಅವರು ಬಾಗಿಲನ್ನು ಪೂರ್ತಿ ತೆರೆದು, "ಇನ್ನೂ ಇಲ್ಲಮ್ಮ. ನುಡಿಸ್ತಾ ಇದ್ದಾರೆ, ಒಳಗೆ ಬನ್ನಿ" ಎಂದರು.

ಒಳಗೆ ಒಂದು ಗೋಡೆಯಿಡೀ ಕಪಾಟು. ಅದರ ತುಂಬ ಒತ್ತಾಗಿ ನಿಲ್ಲಿಸಿಟ್ಟ ರೆಕಾರ್ಡುಗಳು. ಮೇಜಿನ ಮೇಲೆ ಒಂದು ರೆಕಾರ್ಡು ತಿರುಗುತ್ತಿತ್ತು. ಅತ್ತೆ ಆ ಕಡೆ ಈ ಕಡೆ ಕಣ್ಣಾಡಿಸಿ, "ವಾದ್ಯದವರು ಎಲ್ಲಿ?" ಎಂದರು. ಅವರು ರೆಕಾರ್ಡಿನ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಕೋಟು ಟೈ ಹಾಕಿದ ಬಿಳಿಯ ಮನುಷ್ಯ, ಕೊರಳಲ್ಲಿ ಸ್ಯಾಕ್ಸೋಫೋನು.

"ಈ ದೊರೆಯಾ?"

"ಈ ದೊರೆಯೇ. ತಂಡದ ಯಜಮಾನ ಇವನು. ಲಂಡನ್‌ನೋನು."

ಅತ್ತೆಗೆ ತಾನು ಮಾಡಿದ್ದು ಏನೆಂದು ಆಗ ತಿಳಿಯಿತು. ಆದರೂ ಜಗ್ಗಲಿಲ್ಲ. ತಟ್ಟೆಯನ್ನು ಅವರ ಕೈಗಿತ್ತು, "ತಂದದ್ದನ್ನು ವಾಪಸು ಕೊಂಡುಹೋಗ್ಲಿಕ್ಕಿಲ್ಲ. ಚಟ್ನಿಯಾದರೂ ಮಾಡಿ" ಎಂದು ಕೂತೇಬಿಟ್ಟರು. ರೆಕಾರ್ಡಿನ ಆ ಬದಿ ಮುಗಿಯುವವರೆಗೂ ಏಳಲಿಲ್ಲ.

ಹಾಗೆ ಶುರುವಾಯಿತು ನಮ್ಮ ಮೇಲಿನ ಮನೆಯ ಒಡನಾಟ. ಅವರು ಮೈಸೂರಿನವರು, ಅಹ್ಮದಿಯಲ್ಲಿ ಎಣ್ಣೆ ಕಂಪೆನಿಯ ಇಂಜಿನಿಯರು. ಒಂಟಿ ಜೀವ. ಅತ್ತೆ ಎರಡನೇ ಶುಕ್ರವಾರವೇ, ಮುಖಕ್ಕೆ ಹೊಡೆದ ಹಾಗೆ, "ಮದುವೆ ಯಾಕೆ ಆಗಲಿಲ್ಲ?" ಎಂದು ಕೇಳಿದ್ದರು. ಅವರು ಕಪಾಟಿನ ಕಡೆ ಕೈ ತೋರಿಸಿ, "ಮನೇಲಿ ಜಾಗ ಎಲ್ಲಿತ್ತಮ್ಮ?" ಎಂದರು. ಅತ್ತೆಯ ಕನ್ನಡ ಅವರಿಗೆ ಬಲು ಇಷ್ಟ. "ನಿಮ್ಮ ಕಡೆಯೋರು ಮಾತಾಡಿದ್ರೆ ಪಾಠಪುಸ್ತಕ ಓದಿಸಿಕೊಂಡ ಹಾಗಿರುತ್ತೆ ಕಣ್ರೀ" ಎನ್ನುತ್ತಿದ್ದರು. ಅತ್ತೆಗೋ ಅವರ ಕನ್ನಡ ಅರ್ಧ ನುಂಗಿ ಅರ್ಧ ಆಡಿದ ಹಾಗೆ. ಕೆಳಗೆ ಬಂದು ತುಳುವಿನಲ್ಲಿ ನನ್ನ ಹತ್ತಿರ ಅರ್ಥ ಕೇಳಿಕೊಳ್ಳುತ್ತಿದ್ದರು.

ಅವರು ಕೇಳುತ್ತಿದ್ದದ್ದು ಇಂಗ್ಲೆಂಡಿನ ಮಾಡರ್ನ್ ಜಾಝ್. ಅಮೆರಿಕದ ಜಾಝಿನ ಹೆಸರನ್ನಾದರೂ ನಾನು ಕೇಳಿದ್ದೆ, ಇಂಗ್ಲೆಂಡಿನಲ್ಲೂ ಅದು ಇತ್ತೆಂದು ಗೊತ್ತಾದದ್ದು ಅವರಿಂದ. ಹರೆಯದಲ್ಲಿ ಕಂಪೆನಿಯವರು ಅವರನ್ನು ತರಬೇತಿಗೆಂದು ಅಲ್ಲಿಗೆ ಕಳಿಸಿದ್ದರಂತೆ. ಚಳಿಗೆ ನಡುಗುತ್ತಾ, ಊಟ ಸೇರದೆ, ಯಾರ ಪರಿಚಯವೂ ಇಲ್ಲದೆ ದಿನ ನೂಕುತ್ತಿದ್ದಾಗ ಜೊತೆಯವನೊಬ್ಬ ಒಂದು ಪಬ್ಬಿನ ಮಹಡಿಗೆ ಕರೆದುಕೊಂಡು ಹೋದ. ಅಲ್ಲಿ ವಯಸ್ಸಾದ ಒಬ್ಬ ಸ್ಯಾಕ್ಸೋಫೋನ್ ವಾದಕ ತನ್ನ ತಂಡ ಕಟ್ಟಿಕೊಂಡು ನುಡಿಸುತ್ತಿದ್ದ. ಕೇಳುವವರು ಬೆರಳೆಣಿಕೆಯ ಮಂದಿ.

"ಬ್ಯಾಂಡ್ ಲೀಡರ್ ಅಂದ್ರೆ ನಾನು ದಸರಾ ಮೆರವಣಿಗೇಲಿ ಕೋಲು ಬೀಸ್ಕೊಂಡು ಮುಂದೆ ಹೋಗ್ತಾನಲ್ಲ, ಅಂಥೋನು ಅಂದ್ಕೊಂಡಿದ್ದೆ. ಇವನು ನೋಡಿದ್ರೆ ತನ್ನ ಪಾಲು ನುಡಿಸಿ ಪಕ್ಕಕ್ಕೆ ಸರಿದು ನಿಂತ್ಕೊಂಡ. ಹುಡುಗರು ನುಡಿಸೋವಾಗ ಅವರ ಮುಖಾನೇ ನೋಡ್ತಾ ನಿಂತಿದ್ದ, ಊಟ ಬಡಿಸಿದೋರು ನಿಂತು ನೋಡ್ತಾರಲ್ಲ ಹಾಗೆ" ಎಂದು ಅವರು ಹೇಳುವಾಗ ನಮಗೂ ಆ ಮಹಡಿ ಕಣ್ಣಿಗೆ ಕಟ್ಟುತ್ತಿತ್ತು.

ಆ ವಾದಕ ಪ್ರಾಯದಲ್ಲಿ ಮಾಡಿದ ರೆಕಾರ್ಡುಗಳನ್ನು, ಅವನ ಕಾಲದ ಉಳಿದ ಯಜಮಾನರ ರೆಕಾರ್ಡುಗಳನ್ನು ಹುಡುಕುವುದೇ ಆಮೇಲೆ ಅವರ ಬದುಕಾಯಿತು. ರಜೆ ಸಿಕ್ಕಾಗಲೆಲ್ಲ ಇಂಗ್ಲೆಂಡಿನ ಹಳೆ ಸಾಮಾನಿನ ಅಂಗಡಿಗಳನ್ನು ಜಾಲಾಡಿದರು. ಅವುಗಳ ಹೊದಿಕೆಯೇ ಬೇರೆ. ಮುಂಬದಿಗೆ ಹೊಳೆಯುವ ತೆಳು ಹಾಳೆ, ಅಂಚನ್ನು ಹಿಂದಕ್ಕೆ ಮಡಚಿ ಅಂಟಿಸಿದ ರಟ್ಟು. ಆ ಅಂಚನ್ನು ಬೆರಳಿಂದ ಸವರಿದರೇ ಇಂಗ್ಲೆಂಡಿನದ್ದು ಎಂದು ಅವರಿಗೆ ಗೊತ್ತಾಗುತ್ತಿತ್ತು.

ಅತ್ತೆಗೆ ಹಿಡಿಸಿದ್ದು ಹಡಗಿನ ಕತೆ. ಲಂಡನ್ನಿನ ಹುಡುಗರಿಗೆ ಅಮೆರಿಕದ ಹೊಸ ಸಂಗೀತವನ್ನು ಕಿವಿಯಾರೆ ಕೇಳುವ ಆಸೆ. ಹೋಗುವುದು ಹೇಗೆ? ಅಟ್ಲಾಂಟಿಕ್ ದಾಟುವ ದೊಡ್ಡ ಹಡಗುಗಳ ಡಾನ್ಸ್ ಬ್ಯಾಂಡಿನಲ್ಲಿ ಕೆಲಸ ಹಿಡಿದರು. ದಾರಿಯುದ್ದಕ್ಕೂ ಶ್ರೀಮಂತರ ಕುಣಿತಕ್ಕೆ ಬೇಡದ ಹಾಡು ನುಡಿಸುವುದು, ನ್ಯೂಯಾರ್ಕಿನಲ್ಲಿ ಹಡಗು ನಿಂತಷ್ಟು ಹೊತ್ತು ಕ್ಲಬ್ಬಿನಿಂದ ಕ್ಲಬ್ಬಿಗೆ ಓಡಿ ಕೇಳಿದ್ದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ವಾಪಸಾಗುವುದು.

"ಹಾಗಾದರೆ ಇವರೂ ನಮ್ಮ ಹಾಗೆಯೇ" ಎಂದರು ಅತ್ತೆ. "ಹೊಟ್ಟೆಗೆ ಒಂದು ಕೆಲಸ, ಮನಸ್ಸಿಗೆ ಇನ್ನೊಂದು."

"ಇಷ್ಟೆಲ್ಲ ಮಾಡಿ ಬಂದ್ರೆ ಊರಿನೋರು ಕೇಳಿದ್ದೇನು ಗೊತ್ತಾ ಅಮ್ಮ? ಅಮೆರಿಕದೋರದ್ದೇ ಇರೋವಾಗ ನಿಮ್ಮದ್ಯಾಕೆ ಅಂತ."

ಕೇಳುವ ಹೊತ್ತಿಗೆ ಅವರಲ್ಲಿ ಒಂದು ಶಿಸ್ತು. ಆ ಮಖಮಲ್ಲಿನಿಂದ ರೆಕಾರ್ಡನ್ನು ಮಗುವಿನ ಬೆನ್ನು ಸವರಿದ ಹಾಗೆ ಒರೆಸಿ, ಮುಳ್ಳು ಇಳಿಸಿದ ಮೇಲೆ ಯಾರೂ ಮಾತಾಡುವಂತಿಲ್ಲ. ದೊಡ್ಡ ತಂತಿವಾದ್ಯ, ಅದೇ ಬಾಸ್, ಒಂಟಿಯಾಗಿ ಗುಂಯ್‌ಗುಡುವಾಗ ಮಾತ್ರ ಬಾಯಿ ಬಿಡಬಹುದು. ಅತ್ತೆಗೆ ಅಷ್ಟು ಹೊತ್ತು ಸುಮ್ಮನಿರುವುದು ಕಷ್ಟ. "ಇವನೆಂತ, ಶ್ರುತಿ ಬಿಟ್ಟು ಎಲ್ಲಿಗೋ ಹೋಗ್ತಾನಲ್ಲ?" ಎಂದು ಪಿಸುಗುಡುವರು. ಅಂಕಲ್ ಕಣ್ಣು ಮುಚ್ಚಿಕೊಂಡೇ, "ಬರ್ತಾನೆ, ತಾಳಿ" ಎನ್ನುವರು. ಸ್ವಲ್ಪ ಹೊತ್ತಿಗೆ ಅತ್ತೆ ತೊಡೆ ತಟ್ಟಿ, "ಹಾಂ, ಬಂದ!" ಇಬ್ಬರು ಸ್ಯಾಕ್ಸೋಫೋನಿನವರೇ ಒಂದು ತಂಡಕ್ಕೆ ಯಜಮಾನರಾಗಿದ್ದ ರೆಕಾರ್ಡೊಂದಿತ್ತು. ಅದನ್ನು ಕೇಳಿ ಅತ್ತೆ, "ಇವರಿಬ್ಬರು ಹಿಸ್ಸೆಯಾಗದ ಅಣ್ಣತಮ್ಮಂದಿರು" ಎಂದು ತೀರ್ಪು ಕೊಟ್ಟಿದ್ದರು. ಆಯುಧಪೂಜೆಯ ದಿನ ಅತ್ತೆ ಕುಂಕುಮದ ಬಟ್ಟಲು ಹಿಡಿದು ಮೇಲೆ ಹೋದಾಗ ಮಾತ್ರ ಅಂಕಲ್ ಗಾಬರಿಯಾಗಿ ಅಡ್ಡ ನಿಂತರು. "ಹೂವು ಎಷ್ಟು ಬೇಕಾದ್ರೂ ಇಡಿ ಅಮ್ಮ. ಕುಂಕುಮ ಬೇಡ, ಗೆರೆಯೊಳಗೆ ಕೂತ್ರೆ ಮುಳ್ಳು ಹಾಳಾಗುತ್ತೆ."

ಆಮೇಲೆ ಒಂದು ಬೇಸಿಗೆ ಬಂತು...

ಅಹ್ಮದಿಯ ಆಫೀಸಿನಲ್ಲಿ ಮೆಟ್ಟಿಲು ಹತ್ತುವಾಗ ಅವರಿಗೆ ಎದೆ ಹಿಡಿದುಕೊಂಡಿತು. ಹೃದಯದ ನಾಳಗಳು ಕಟ್ಟಿವೆ, ಆಪರೇಷನ್ ಆಗಬೇಕು ಎಂದರು. ಮೈಸೂರಿನಲ್ಲಿ ತಂಗಿ ಇದ್ದರು, ಅಲ್ಲೇ ಮಾಡಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಹೊರಡುವ ದಿನ ಮನೆಯ ಬೀಗದ ಕೈಯನ್ನು ನನ್ನ ಗಂಡನಿಗಲ್ಲ, ನನಗಲ್ಲ, ಅತ್ತೆಯ ಕೈಗೆ ಕೊಟ್ಟರು.

"ಅಮ್ಮ, ಗಿಡ ಒಣಗಿದ್ರೆ ಒಣಗಲಿ. ಎ.ಸಿ. ಮಾತ್ರ ಆರಬಾರದು. ಈ ಊರಿನ ಬಿಸಿಗೆ ರೆಕಾರ್ಡು ಹಪ್ಪಳದ ಹಾಗೆ ಸುರುಟಿಕೊಂಡುಬಿಡುತ್ತೆ. ಅವನ್ನ ಮಲಗಿಸಲೂಬಾರದು, ಯಾವಾಗ್ಲೂ ನಿಂತಿರ್ಬೇಕು."

"ನೀವು ಮಲಗಿ ಬನ್ನಿ. ಇವರು ನಿಂತಿರ್ತಾರೆ" ಎಂದರು ಅತ್ತೆ.

ಅವರು ಹೋದ ಕೆಲವು ದಿನಕ್ಕೆ ನಾನೂ ಊರಿಗೆ ಹೋಗಬೇಕಾಯಿತು. ನನ್ನ ತಂಗಿಯ ಹೆರಿಗೆ. ಮೈಸೂರಿನಲ್ಲಿ ಅವರ ಆಪರೇಷನ್ನು ಸಕ್ಕರೆ ಕಾಯಿಲೆಯ ಕಾರಣಕ್ಕೆ ಮುಂದೆ ಮುಂದೆ ಹೋಗುತ್ತಿತ್ತು. ನಾನು ಊರಿಂದ ಅತ್ತೆಗೆ ಫೋನು ಮಾಡಿದಾಗಲೆಲ್ಲ ಮಗುವಿನ ಸುದ್ದಿ, ಬಾಣಂತಿಯ ಸುದ್ದಿ, ಅಷ್ಟೆ. ಮೇಲಿನ ಮನೆಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ನಾನು ವಾಪಸು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಗಂಡ ಹೋಟೆಲಿನಲ್ಲಿ, ಶುಕ್ರವಾರದ ಊಟದ ಗದ್ದಲ. ಅತ್ತೆ ಖೈತಾನಿನಲ್ಲಿ ನಮ್ಮ ಊರಿನವರೊಬ್ಬರ ಮನೆಯ ಭಜನೆಗೆ ಹೋಗಿದ್ದರು. ಟ್ಯಾಕ್ಸಿ ಇಳಿದು ಬಾಗಿಲು ತೆರೆದು ಪೆಟ್ಟಿಗೆಗಳನ್ನು ಒಳಗೆಳೆಯುವಷ್ಟರಲ್ಲಿ ಫೋನು ಬಂತು. ಅಂಕಲ್.

"ಬಂದ್ರಾ ತಾಯಿ? ನಾಳೆ ಬೆಳಿಗ್ಗೆ ಎದೆ ಬಿಚ್ತಾರಂತೆ ಕಣಮ್ಮ, ಕೊನೆಗೂ." ದನಿ ಲಘುವಾಗಿಯೇ ಇತ್ತು, ಆದರೆ ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದರು. "ಒಂದು ಉಪಕಾರ ಆಗ್ಬೇಕಿತ್ತು. ಸಂಜೆ ಒಂದು ರೆಕಾರ್ಡು ಹಾಕಿ ಫೋನಲ್ಲಿ ಕೇಳಿಸ್ತೀರಾ? ನೀಲಿ ಹೊದಿಕೆದು, ಇಟ್ಟಿಗೆ ಗೋಡೆಗೆ ಒರಗಿ ನಿಂತಿರ್ತಾನಲ್ಲ, ಅದು. ಪಬ್ಬಿನ ಮಹಡೀಲಿ ಕೇಳಿದ್ನಲ್ಲ, ಅವನದ್ದೇ. ಎರಡನೇ ಮಗ್ಗುಲು."

"ಅಯ್ಯೋ, ಅದಕ್ಕೇನು ಅಂಕಲ್..."

"ನನ್ನ ತಂಗಿ ಮಗ ಮೊಬೈಲಲ್ಲೇ ಹುಡುಕಿ ಹಾಕ್ತೀನಿ ಅಂದ. ಎಲ್ಲೂ ಸಿಗ್ಲಿಲ್ಲ. ಅದನ್ನ ಮತ್ತೆ ಯಾರೂ ಹೊರಗೆ ತರಲೇ ಇಲ್ಲ ನೋಡಿ. ನನ್ನ ಹತ್ತಿರ ಇರೋದೇ..." ಎಂದು ಮಾತು ನಿಲ್ಲಿಸಿದರು. "ಕೇಳ್ಕೊಂಡು ಮಲಗಿದ್ರೆ ನಾಳೆ ಹೋಗೋಕೆ ಭಯ ಇರೋಲ್ಲ."

ಗೋಡೆಯ ಮೊಳೆಯಿಂದ ಅವರ ಮನೆಯ ಬೀಗದ ಕೈ ತೆಗೆದುಕೊಂಡು ಆಗಲೇ ಮೇಲೆ ಹೋದೆ. ರೆಕಾರ್ಡನ್ನು ಮೊದಲೇ ಹುಡುಕಿಟ್ಟರೆ ಸಂಜೆಗೆ ಸಲೀಸು ಎಂಬ ಲೆಕ್ಕ.

ಬಾಗಿಲು ತೆರೆದದ್ದೇ ಒಲೆಯ ಬಾಯಿ ತೆರೆದ ಹಾಗೆ ಬಿಸಿ ಮುಖಕ್ಕೆ ಹೊಡೆಯಿತು. ಸ್ವಿಚ್ಚು ಒತ್ತಿದೆ. ದೀಪವಿಲ್ಲ. ಎ.ಸಿ. ಇಲ್ಲ. ಕಿಟಕಿಯ ಪರದೆ ಸರಿಸಿದೆ. ಆ ಬೆಳಕಿನಲ್ಲಿ ಕಪಾಟು ಕಾಣಿಸಿತು. ಗೋಡೆಯಿಡೀ ಕಪಾಟು, ಅದರಲ್ಲಿ ಒಂದೂ ರೆಕಾರ್ಡಿಲ್ಲ. ಮೇಜಿನ ಮೇಲೆ ನುಡಿಸುವ ಯಂತ್ರ ಮಾತ್ರ ಧೂಳು ಹೊದ್ದು ಕೂತಿತ್ತು.

ಕೆಳಗೋಡಿದೆ. ಕಟ್ಟಡ ಕಾಯುವ ಹಾರಿಸ್ ಮಸೀದಿಗೆ ಹೋಗಿದ್ದ, ಅವನ ಕೋಣೆಗೆ ಬೀಗ. ಗಂಡನಿಗೆ ಫೋನು ಮಾಡಿದೆ. ಅಡುಗೆಮನೆಗೆ ಹೋಗುವಾಗ ಅವರ ಫೋನು ಲಾಕರಿನಲ್ಲಿರುತ್ತದೆ. ಅತ್ತೆಗೆ ಮಾಡಿದೆ. ಅದು ನಮ್ಮದೇ ಅಡುಗೆಮನೆಯಲ್ಲಿ, ಸಾಸಿವೆ ಡಬ್ಬಿಯ ಪಕ್ಕ ರಿಂಗಾಯಿತು.

ಕದ್ದರೇ? ಮನೆ ಖಾಲಿ ಎಂದು ತಿಳಿದು ಯಾರಾದರೂ ಹೊತ್ತೊಯ್ದು ಶುಕ್ರವಾರದ ಸಂತೆಯಲ್ಲಿ ಸುರಿದರೇ? ಅಥವಾ ಕರೆಂಟು ಹೋಗಿ, ಎಲ್ಲ ಸುರುಟಿ, ಕಸವೆಂದು ಎಸೆದಾಯಿತೇ? ಸಂಜೆ ಅವರು ಕಾಯುತ್ತಿರುತ್ತಾರೆ. ಯಂತ್ರ ಕೆಟ್ಟಿದೆ ಅನ್ನಲೇ? ಕರೆಂಟಿಲ್ಲ ಅನ್ನಲೇ? ಏನು ಹೇಳಿದರೂ ಅವರು ಮೊದಲು ಕೇಳುವುದು ರೆಕಾರ್ಡುಗಳ ಬಗ್ಗೆಯೇ. ನಾಳೆ ಎದೆ ಬಿಚ್ಚುವ ಮನುಷ್ಯನಿಗೆ ಇದನ್ನು ಹೇಳುವುದಾದರೂ ಹೇಗೆ... ಹೇಳದಿದ್ದರೆ, ಕೇಳಬೇಕೆಂದದ್ದನ್ನು ಕೇಳದೆಯೇ ಅವರು ಹೋಗಿಬಿಟ್ಟರೆ?

ಪೆಟ್ಟಿಗೆಯ ಮೇಲೆ ಕೂತಿದ್ದೆ. ನೀರೂ ಕುಡಿದಿರಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅತ್ತೆ ಪ್ರಸಾದದ ಡಬ್ಬಿ ಹಿಡಿದುಕೊಂಡು ಬಂದರು.

"ಎಂತ, ಪೆಟ್ಟಿಗೆ ಬಾಗಿಲಲ್ಲೇ ಉಂಟು? ಇನ್ನೂ ಮೀಯಲಿಲ್ಲವಾ? ಮಗು ಯಾರ ಹಾಗೆ?"

"ಅತ್ತೆ, ಮೇಲೆ ಕರೆಂಟಿಲ್ಲ. ರೆಕಾರ್ಡು ಒಂದೂ ಇಲ್ಲ!"

"ಅಲ್ಲಿ ಇರುವುದು ಹೇಗೆ? ಇಲ್ಲಿ ಉಂಟಲ್ಲ."

ಅಷ್ಟು ಹೇಳಿ, ಕಾಲು ತೊಳೆದು, ದೇವರ ಕೋಣೆಯ ಬಾಗಿಲು ತಳ್ಳಿದರು. ವಿಮಾನದಿಂದ ಇಳಿದು ಬಂದ ಮೈಯಲ್ಲಿ ನಾನು ಆ ಕಡೆ ಸುಳಿದೇ ಇರಲಿಲ್ಲ. ಅಲ್ಲಿ, ತಂಪಿನಲ್ಲಿ, ದೇವರ ಪಟಗಳನ್ನು ಮೇಲಿನ ಹಲಗೆಗೆ ಏರಿಸಿ, ಕೆಳಗೆ ಮೂರೂ ಗೋಡೆಯ ಉದ್ದಕ್ಕೆ ಮಣೆ ಹಾಕಿ, ಅದರ ಮೇಲೆ ಸಾಲಾಗಿ ನಿಂತಿದ್ದವು ರೆಕಾರ್ಡುಗಳು. ಬೀಳದಂತೆ ಅಕ್ಕಿಯ ಚೀಲಗಳ ಆಸರೆ. ಮೇಲೆ ಅತ್ತೆಯ ಹಳೆಯ ಹತ್ತಿ ಸೀರೆಗಳ ಹೊದಿಕೆ.

ನಾನು ಅಲ್ಲೇ ಹೊಸ್ತಿಲಲ್ಲಿ ಕುಕ್ಕರಿಸಿದೆ. ನಗುವೋ ಅಳುವೋ, ಎರಡೂ ಒಟ್ಟಿಗೆ ಬಂತು.

ನಡೆದದ್ದು ಇಷ್ಟು. ಅತ್ತೆ ದಿನಾ ಸಂಜೆ ಮೇಲೆ ಹೋಗಿ ತಂಪು ಇದೆಯೇ ಎಂದು ನೋಡಿಬರುತ್ತಿದ್ದರು. ಒಂದು ಸಂಜೆ ಹೋದರೆ ಗಾಳಿ ನಿಂತಿತ್ತು. ಬೇಸಿಗೆಯ ಹೊರೆ ಜಾಸ್ತಿಯಾಯಿತೆಂದು, ರಜೆಗೆ ಹೋದವರ ಮನೆಗಳ ಕರೆಂಟನ್ನೆಲ್ಲ ತೆಗೆದುಬಿಡಲು ಮಾಲೀಕ ಹೇಳಿದ್ದನಂತೆ. ಹಾರಿಸ್ ತೆಗೆದಿದ್ದ.

"ನಾನು ತುಳುವಿನಲ್ಲಿ ಬೈದೆ, ಅವನು ಅರಬಿಯಲ್ಲಿ ಬೈದ. ಇಬ್ಬರಿಗೂ ಸರಿಯಾಗಿ ಅರ್ಥ ಆಯ್ತು. ಕಡೆಗೆ ಅವನು 'ಖಲಾಸ್ ಮಾಮಾ, ಖಲಾಸ್', ಅಂದರೆ ಆಯ್ತಮ್ಮ ಸಾಕು, ಹೇಳಿ ಬಾಗಿಲು ಹಾಕಿದ. ಮತ್ತೆ ಎಂತ ಮಾಡುವುದು? ತರಕಾರಿ ತರುವ ಗಾಲಿಯ ಚೀಲ ಉಂಟಲ್ಲ, ಅದರಲ್ಲಿ ತುಂಬಿಸಿ ತುಂಬಿಸಿ ಲಿಫ್ಟಿನಲ್ಲಿ ತಂದೆ. ಮಗ ಡ್ಯೂಟಿಯಿಂದ ಬಂದವನು ಉಳಿದದ್ದು ತಂದ."

"ನನಗೆ ಫೋನಲ್ಲಿ ಹೇಳಬಾರದಿತ್ತಾ ಅತ್ತೆ?"

"ಹೇಳ್ಲಿಕ್ಕೆ ಎಂತ ಉಂಟು? ಕೆಲಸ ಆಗಿತ್ತಲ್ಲ." ಆಮೇಲೆ ದನಿ ತಗ್ಗಿಸಿ, "ಅಪ್ಪನ ವಾದ್ಯವನ್ನು ನಾವು ಯಾರಾದರೂ ಶೆಖೆಯಲ್ಲಿ ಕತ್ತಲೆಯಲ್ಲಿ ಒಂದೇ ಬಿಟ್ಟು ಬರ್ತೇವಾ?" ಎಂದರು. ಕರ್ಪೂರ ಹಚ್ಚಿದರೆ ಕೋಣೆ ಬಿಸಿಯಾಗುತ್ತದೆಂದು ಅಷ್ಟೂ ದಿನ ಆರತಿಯನ್ನು ಹೊಸ್ತಿಲ ಹೊರಗೆ ನಿಂತೇ ಮಾಡಿದ್ದರಂತೆ.

ಸಂಜೆ ಗಂಡ ಬಂದ ಮೇಲೆ ಇಬ್ಬರೂ ಸೇರಿ ಯಂತ್ರವನ್ನೂ ಸ್ಪೀಕರುಗಳನ್ನೂ ಕೆಳಗೆ ತಂದು ಊಟದ ಮೇಜಿನ ಮೇಲಿಟ್ಟು ಜೋಡಿಸಿದೆವು. ಮೇಲಿನ ಮನೆಯಲ್ಲಿ ಕಿಟಕಿಯ ಬದಿಗಿದ್ದ ಕೆಲವು ರೆಕಾರ್ಡುಗಳ ಅಂಚು ಅತ್ತೆ ಮುಟ್ಟುವ ಮೊದಲೇ ಸುರುಟಿತ್ತು. ಹಾಗಾಗಿ ನೀಲಿ ಹೊದಿಕೆಯದ್ದನ್ನು ಎರಡೂ ಅಂಗೈಯ ನಡುವೆ ಹಿಡಿದು ಮೆಲ್ಲಗೆ ಹೊರಗೆಳೆದೆ. ಅತ್ತೆ ಮಖಮಲ್ಲಿನಿಂದ ಒರೆಸಿದರು. ನಾನು ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ತಿರುಗುವ ರೆಕಾರ್ಡಿನ ಅಂಚನ್ನೇ ನೋಡಿದೆ. ಎಲ್ಲಿಯೂ ಏರಿಲ್ಲ, ಇಳಿದಿಲ್ಲ. ತುಂಬಿದ ಬಟ್ಟಲಿನ ನೀರಿನ ಹಾಗೆ ಸಮ.

ಫೋನನ್ನು ಸ್ಪೀಕರಿನ ಎದುರಿಟ್ಟು ಮುಳ್ಳು ಇಳಿಸಿದೆವು.

ನಿಧಾನದ ಹಾಡು. ಆ ಯಜಮಾನ ಅವಸರವಿಲ್ಲದೆ ಶುರು ಮಾಡಿದ, ಬಾಗಿಲಲ್ಲೇ ನಿಂತು ಕುಶಲ ಕೇಳಿದ ಹಾಗೆ. ಮೈಸೂರಿನ ಕಡೆಯಿಂದ ಸದ್ದೇ ಇಲ್ಲ. ಲೈನು ಕಡಿಯಿತೋ ಎಂದು ನಾನು ಫೋನಿನ ಕಡೆ ಕೈ ಚಾಚಿದರೆ ಅತ್ತೆ ಕಣ್ಣಲ್ಲೇ ತಡೆದರು. ಸ್ಯಾಕ್ಸೋಫೋನು ಮೇಲೇರಿ, ತಿರುಗಿ, ಇಳಿದು ಪಕ್ಕಕ್ಕೆ ಸರಿಯಿತು. ಪಿಯಾನೋ ಬಂದು ಹೋಯಿತು. ಬಾಸ್ ಒಂದೇ ಉಳಿಯಿತು. ಆಗ ಫೋನಿನೊಳಗಿಂದ ದನಿ ಬಂತು.

"ಈಗ ಮಾತಾಡಬಹುದು. ಎ.ಸಿ. ಚೆನ್ನಾಗಿ ನಡೀತಾ ಇದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಗ್ಗಿದರು. "ಇವರೆಲ್ಲ ತಂಪಾಗಿ ನಿಂತಿದ್ದಾರೆ. ನೀವು ನಾಳೆಯದ್ದು ನೋಡಿಕೊಳ್ಳಿ ಮಾರಾಯ್ರೆ. ಇಲ್ಲಿನದ್ದು ನಾನು ನೋಡಿಕೊಳ್ತೇನೆ."

ಅವರು ನಕ್ಕದ್ದು ಕೇಳಿಸಿತು. ಆಮೇಲೆ ರೆಕಾರ್ಡಿನ ಆ ಮಗ್ಗುಲು ಮುಗಿಯುವವರೆಗೂ ಯಾರೂ ಮಾತಾಡಲಿಲ್ಲ.

ಮರುದಿನ ಮಧ್ಯಾಹ್ನ ಅವರ ತಂಗಿಯ ಫೋನು. ಎಲ್ಲ ಸುಸೂತ್ರ. ಅತ್ತೆ ಹೂಂ ಎಂದು ಕೇಳಿ, ಅಡುಗೆಮನೆಗೆ ಹೋಗಿ, ಯಾರೂ ಕೇಳದಿದ್ದರೂ ಪಾಯಸಕ್ಕೆ ಇಟ್ಟರು. ಅಷ್ಟೂ ದಿನದ ಭಾರ ಆ ಬೆಲ್ಲದ ವಾಸನೆಯಲ್ಲಿ ಕರಗಿ ಹೋಯಿತು ಎನಿಸಿತು ನನಗೆ.

ಮಳೆಗಾಲ ಊರಲ್ಲಿ ಕಳೆದು ಅವರು ವಾಪಸು ಬಂದರು, ಅರ್ಧ ತೂಕದವರಾಗಿ. ನಡೆದದ್ದನ್ನೆಲ್ಲ ಆಗ ಹೇಳಿದೆವು. ಅವರು ದೇವರ ಕೋಣೆಯ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಚೌಕಟ್ಟು ಹಿಡಿದುಕೊಂಡು ನಿಂತರು. ಸೀರೆ ಹೊದ್ದು ಸಾಲಾಗಿ ನಿಂತ ತಮ್ಮ ಯಜಮಾನರನ್ನು ಬಹಳ ಹೊತ್ತು ನೋಡಿದರು.

"ಅಮ್ಮ, ಇವರಿಗೆ ಇವರ ಊರಲ್ಲೂ ಇಂಥ ಮರ್ಯಾದೆ ಸಿಕ್ಕಿರ್ಲಿಲ್ಲ" ಎಂದರು. ಸುರುಟಿದ ರೆಕಾರ್ಡುಗಳನ್ನು ತೋರಿಸಿದಾಗ ಮಾತ್ರ ತಕ್ಷಣ ಹಗುರಾಗಿ, "ಬಿಡಿ, ಇವು ಮೊದಲೂ ಅಷ್ಟು ಚೆನ್ನಾಗಿರ್ಲಿಲ್ಲ" ಎಂದುಬಿಟ್ಟರು.

ಅದಾದ ಮೇಲೂ ಕೆಲವು ವರ್ಷ ನಮ್ಮ ಶುಕ್ರವಾರಗಳು ನಡೆದವು. ನಿವೃತ್ತರಾಗಿ ಹೊರಟಾಗ, ಬಿಸಿಲು ತಾಗದಿರಲೆಂದು ಜನವರಿಯ ಚಳಿಯಲ್ಲೇ ರೆಕಾರ್ಡುಗಳನ್ನು ಕಳಿಸಿದರು. ಇನ್ನೊಂದು ಮಖಮಲ್ಲು ಕೊಂಡಿದ್ದೇನೆ ಎಂದು ಹೇಳಿ ಹಳೆಯದನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆಯೂ ಆಮೇಲೆ ಮಂಡಿನೋವೆಂದು ಊರಿಗೆ ಹೋಗಿ ಭಾವನ ಮನೆಯಲ್ಲಿ ಉಳಿದರು. ಮೇಲಿನ ಮನೆಗೆ ಬೇರೆಯವರು ಬಂದರು, ಹೋದರು, ಮತ್ತೆ ಬಂದರು. ಜಾಲರಿಯಿಂದ ಈಗ ಇಳಿದು ಬರುವುದು ಒಂದು ಕೂಸಿನ ಅಳು ಮತ್ತು ಟೀವಿಯ ಸದ್ದು.

ಮೂರು ತಿಂಗಳಾಯಿತು, ಅಂಕಲ್‌ನ ತಂಗಿ ಫೋನು ಮಾಡಿ ಅಣ್ಣ ಹೋದರು ಎಂದು ಹೇಳಿ. ನಿದ್ದೆಯಲ್ಲೇ. ನಾನು ಆಫೀಸಿನ ಕಾರಿಡಾರಿನಲ್ಲಿ ಗೋಡೆಗೊರಗಿ ನಿಂತು ಕೇಳಿದೆ. ಅತ್ತೆಗೆ ಹೇಳುವ ಧೈರ್ಯ ಬಂದದ್ದು ಸಂಜೆಗೆ.

ಸುದ್ದಿ ಕೇಳಿ ಅತ್ತೆ, "ಊಟ ಆಗಿತ್ತಾ?" ಎಂದರು.

"ಆಗಿತ್ತಂತೆ ಅತ್ತೆ. ಊಟ ಮಾಡಿ, ಒಂದು ರೆಕಾರ್ಡು ಹಾಕಿಕೊಂಡು ಕೂತಿದ್ದರಂತೆ. ಮತ್ತೆ ಹೋಗಿ ಮಲಗಿದ್ದು."

"ಪೂರ್ತಿ ಕೇಳಿದ್ದಾರಾ?"

ನಾನೂ ಅವರ ತಂಗಿಯನ್ನು ಕೇಳಿದ್ದು ಅದನ್ನೇ. "ಪೂರ್ತಿ. ತಾವೇ ತೆಗೆದು ಹೊದಿಕೆಗೆ ಹಾಕಿ ನಿಲ್ಲಿಸಿಟ್ಟಿದ್ದರಂತೆ."

ಅತ್ತೆ ಉಸಿರು ಬಿಟ್ಟದ್ದು ಇಷ್ಟು ದೂರಕ್ಕೂ ಕೇಳಿಸಿತು.

"ಹಾಗಾದರೆ ಆಯ್ತು" ಎಂದರು. "ಇನ್ನು ಅಳುವುದಾದರೆ ಅಳು."